ಮೀಟರ್ ಬೋರ್ಡಿನಿಂದ ತೋಟದ ಮನೆಗೆ ನೆಲದಡಿ ಕೇಬಲ್: ಪೈಪು ಯಾವುದು, ಆಳ ಎಷ್ಟು?

ಪ್ರಶ್ನೆ:
ಗೇಟಿನ ಹತ್ತಿರದ ಮೀಟರಿಂದ ಮನೆಗೆ 60 ಮೀಟರ್. ಸಿಂಗಲ್ ಫೇಸ್, ಹೆಚ್ಚೆಂದರೆ 20 ಆಂಪ್. ಮಧ್ಯೆ ಟ್ರ್ಯಾಕ್ಟರ್ ದಾರಿ ಇದೆ. ಗುಂಡಿ ತೋಡಿ ಪೈಪು ನಾವೇ ಹಾಕ್ತೀವಿ. ಮನೆ ವೈರಿಂಗಿನ 4 ಸ್ಕ್ವೇರ್ ಎಂಎಂ ವೈರು ಸಾಕಾ?

ಉತ್ತರ 1:
ಬೇಡ ಸರ್. ಪೈಪಿನ ಜಾಯಿಂಟಿಗೆ ಎಷ್ಟು ಸಲ್ಯೂಷನ್ (ಪೈಪ್ ಅಂಟು) ಹಚ್ಚಿದರೂ ಮಳೆಗಾಲದಲ್ಲಿ ಪೈಪಿನೊಳಗೆ ನೀರು ಬಂದೇ ಬರುತ್ತೆ. ಮನೆ ವೈರು ನೀರಲ್ಲೇ ನಿಂತರೆ ಇನ್ಸುಲೇಷನ್ ಹಾಳಾಗಿ ಕರೆಂಟ್ ಲೀಕೇಜ್ ಶುರು. ಜೊತೆಗೆ ಫುಲ್ ಲೋಡಿಗೆ ಸುಮಾರು 12 ವೋಲ್ಟ್ ಇಳಿಯುತ್ತೆ. ಎರಡು ಕೋರಿನ 16 ಸ್ಕ್ವೇರ್ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ (ಒಳಗೆ ಉಕ್ಕಿನ ತಂತಿ ಕವಚ ಇರುವುದು) ತಗೊಳ್ಳಿ, ಇಳಿಕೆ 5 ವೋಲ್ಟ್ ಆಸುಪಾಸು. ಎರಡೂ ತುದಿಯಲ್ಲಿ ನೆಲದಿಂದ ಬೋರ್ಡಿಗೆ ಏರುವ ಉದ್ದವನ್ನೂ ಸೇರಿಸಿ ಒಂದೇ ತುಂಡು ಕೊಳ್ಳಿ, ನೆಲದೊಳಗೆ ಜಾಯಿಂಟ್ ಇರಲೇಬಾರದು.

ಉತ್ತರ 2:
ಆಳ ಕನಿಷ್ಠ 75 ಸೆಂಟಿಮೀಟರ್, ಟ್ರ್ಯಾಕ್ಟರ್ ದಾರಿಯಲ್ಲಿ 1 ಮೀಟರ್. ತಳದಲ್ಲಿ ನಾಲ್ಕು ಬೆರಳು ಮರಳು, ಅದರ ಮೇಲೆ 63 ಎಂಎಂ ಎಚ್‌ಡಿಪಿಇ (ಬಗ್ಗುವ ಗಟ್ಟಿ ಪ್ಲಾಸ್ಟಿಕ್) ಪೈಪು, ಮತ್ತೆ ಮರಳು, ಆಮೇಲೆ ಅಡ್ಡಡ್ಡ ಇಟ್ಟಿಗೆ. ಮುಂದೆ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಇಟ್ಟಿಗೆ ಸಿಗಬೇಕು. ಎಲ್ಬೋ ಹಾಕಬೇಡಿ, ಕೇಬಲ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಪೈಪನ್ನೇ ದೊಡ್ಡ ಸುತ್ತಿನಲ್ಲಿ ಬಗ್ಗಿಸಿ. ಗುಂಡಿ ಮುಚ್ಚುವ ಮುಂಚೆ ಕೇಬಲ್ ಎಳೆಯೋಕೆ ಪೈಪಿನೊಳಗೆ ನೈಲಾನ್ ಹಗ್ಗ ಹಾಯಿಸಿಡಿ. ಪೈಪಿನ ಬಾಯಿ ಮುಚ್ಚದಿದ್ದರೆ ಇಲಿ ಸೇರುತ್ತೆ.

ಉತ್ತರ 3:
ಕೇಬಲಿನ ಆರ್ಮರನ್ನು ಗ್ಲ್ಯಾಂಡ್ (ಕೇಬಲ್ ತುದಿ ಬಿಗಿಯುವ ಲೋಹದ ಹಿಡಿ) ಹಾಕಿ ಅರ್ತಿಂಗಿಗೆ ಕಟ್ಟಿ. ಅಲ್ಯೂಮಿನಿಯಂಗೆ ಸರಿಯಾದ ಲಗ್ (ತಂತಿ ತುದಿಗೆ ಒತ್ತಿ ಕೂರಿಸುವ ಲೋಹದ ಕೊಳವೆ) ಬೇಕು, ಸುಮ್ಮನೆ ತಿರುಚಿ ಕೂರಿಸಿದರೆ ಬಿಸಿಯಾಗಿ ಸುಡುತ್ತೆ. ಮೀಟರ್ ಕಡೆ ಎಂಸಿಬಿ (ಓವರ್‌ಲೋಡ್, ಶಾರ್ಟ್ ಆದರೆ ಬೀಳುವ ಸ್ವಿಚ್), ಮನೆ ಕಡೆ ಪ್ರತ್ಯೇಕ ಅರ್ತಿಂಗ್ ಗುಂಡಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಬೀಳುವ ಸ್ವಿಚ್). ಎರಡೂ ತುದಿಯ ಕನೆಕ್ಷನ್ ಮಾತ್ರ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಲೇ ಮಾಡಿಸಿ, ಮೆಗ್ಗರ್ ಟೆಸ್ಟ್ (ಇನ್ಸುಲೇಷನ್ ಪರೀಕ್ಷೆ) ಆಗದೆ ಸಪ್ಲೈ ಕೊಡಬೇಡಿ.