ಊರಲ್ಲೇ ಇದ್ದುಕೊಂಡು 'ಅವನು', 'ಅವಳು' ಎರಡರ ನಡುವೆ ಬದುಕೋದು ಹೇಗೆ? ಗೊತ್ತಿದ್ದವರು ಹೇಳಿ

ಕೇಳಿದವರು: ಸಾಗರ ತಾಲೂಕು, 26 ವರ್ಷ

ಐದು ವರ್ಷ ಬೆಂಗಳೂರಲ್ಲಿದ್ದೆ. ಈಗ ಮನೆಯಿಂದಲೇ ಕೆಲಸ, ಹಾಗಾಗಿ ಊರಿಗೆ ಬಂದಿದ್ದೇನೆ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ. ಎರಡು ಎಕರೆ ಅಡಿಕೆ ತೋಟ. ಹುಟ್ಟಿದ್ದು ಗಂಡಾಗಿ. ಆದರೆ ಪೂರ್ತಿ ಗಂಡು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಪೂರ್ತಿ ಹೆಣ್ಣು ಅಂತಲೂ ಅಲ್ಲ. ಕೆಲವು ದಿನ ಹೀಗೆ, ಕೆಲವು ದಿನ ಹಾಗೆ. ಬೆಂಗಳೂರಲ್ಲಿ ಇದಕ್ಕೆ ಜೆಂಡರ್ ಫ್ಲೂಯಿಡ್ ಅನ್ನೋ ಹೆಸರು ಸಿಕ್ಕಿತು. ನಾಲ್ಕು ಜನ ಗೆಳೆಯರು ಸಿಕ್ಕರು. ಗಂಡು ಹೆಣ್ಣು ಅನ್ನೋ ಕಟ್ಟುಪಾಡನ್ನೇ ಪ್ರಶ್ನೆ ಮಾಡೋ ಕ್ವಿಯರ್ ತತ್ವ ಒಂದಿಷ್ಟು ಓದಿದೆ. ಇಲ್ಲಿಗೆ ಬಂದ ಮೇಲೆ ಓದಿದ್ದೆಲ್ಲ ಅಟ್ಟಕ್ಕೆ ಹಾಕಿದ ಹಾಗಾಗಿದೆ. ಬೆಳಿಗ್ಗೆ ಕೊಟ್ಟಿಗೆಗೆ ಹೋಗುವಾಗ, ಮದುವೆ ಮನೆಯ ಪಂಕ್ತಿಯಲ್ಲಿ ಕೂರುವಾಗ, ಬಸ್ ಹತ್ತುವಾಗ ಇದನ್ನು ಬದುಕೋದು ಹೇಗೆ? ಅಜ್ಜಿಗೆ ಹೇಗೆ ಹೇಳೋದು? 'ಬೆಂಗಳೂರಿಗೆ ವಾಪಸ್ ಹೋಗು' ಅಂತ ಮಾತ್ರ ಹೇಳಬೇಡಿ.

ಸಾಗರದ ಕಡೆಯವರೇ, ಈಗ ಶಿವಮೊಗ್ಗದಲ್ಲಿ ಕೆಲಸ

ಅಜ್ಜಿಯಿಂದಲೇ ಶುರು ಮಾಡುತ್ತೇನೆ. ನನಗೂ ಅಲ್ಲಿಂದಲೇ ಶುರುವಾಗಿದ್ದು.

ನಮ್ಮದು ಹವ್ಯಕರ ಮನೆ. ನಮ್ಮ ಮನೆಮಾತು ಹವಿಗನ್ನಡದಲ್ಲಿ ಹೆಂಗಸರಿಗೆ 'ಅದು' ಅನ್ನೋದು ರೂಢಿ. 'ಅತ್ತಿಗೆ ಬಂತು', 'ಅತ್ತಿಗೆ ಹೋತು'. ಹೊರಗಿನವರಿಗೆ ಇದು ವಿಚಿತ್ರ. ನಮಗೆ ಅದರಲ್ಲಿ ಅಗೌರವ ಕಾಣೋದಿಲ್ಲ. ಹುಡುಗ ಆದರೆ 'ಮಾಣಿ', ಹುಡುಗಿ ಆದರೆ 'ಕೂಸು'. ನನ್ನನ್ನು ಮಾಣಿ ಅಂತ ಬೆಳೆಸಿದರು.

ಮೂರು ವರ್ಷದ ಹಿಂದೆ ಅಜ್ಜಿಗೆ ಕಣ್ಣಿನ ಆಪರೇಷನ್ ಆಯಿತು. ಬಗ್ಗಬಾರದು, ತಲೆಗೆ ನೀರು ತಾಗಿಸಬಾರದು ಅಂದಿದ್ದರು. ಅವಳ ತಲೆ ಬಾಚಿ ತುರುಬು ಕಟ್ಟೋ ಕೆಲಸ ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಸಿಕ್ಕು ಬಿಡಿಸುತ್ತಿದ್ದೆ. 'ನಿಧಾನ ಕೂಸೆ, ನೋವಾಗ್ತು' ಅಂದಳು. ನನ್ನ ಕೈ ನಿಂತಿತು. ತಿದ್ದಿಕೊಳ್ಳುತ್ತಾಳೇನೋ ಅಂತ ಕಾದೆ. ತಿದ್ದಿಕೊಳ್ಳಲಿಲ್ಲ. ಸಂಜೆ ಹೊತ್ತಿಗೆ ಮತ್ತೆ ಮಾಣಿ. ಅವತ್ತಿಂದ ಹೀಗೇ ನಡೆದಿದೆ. ತೋಟದಿಂದ ಹಾಳೆ ಹೊತ್ತುಕೊಂಡು ಬಂದರೆ ಮಾಣಿ, ಬಾಚಣಿಗೆ ಹಿಡಿದರೆ ಕೂಸು. ಒಂದು ದಿನ ನಾನೇ ಧೈರ್ಯ ಮಾಡಿ 'ನಾನು ಎರಡೂ ಹೌದು ಅಜ್ಜಿ' ಅಂದೆ. 'ಗೊತ್ತಿದ್ದು' ಅಂದಳು. ಎಲೆ ಅಡಿಕೆ ಕೇಳಿದಳು. ಮುಗಿಯಿತು.

ಅದೇ 'ಅದು' ಬಸ್ ಸ್ಟ್ಯಾಂಡಿನಲ್ಲಿ ಬೇರೆ. ಒಂದು ಸಲ ಓಲೆ ಹಾಕಿಕೊಂಡು ನಿಂತಿದ್ದೆ. ಇಬ್ಬರು ಹುಡುಗರು 'ನೋಡೋ, ಅದು ಬಂತು' ಅಂತ ನಕ್ಕರು. ಪದ ಒಂದೇ. ಮನೆಯಲ್ಲಿ ಕೇಳಿದರೆ ಹೊಟ್ಟೆ ತಂಪಾಗುತ್ತೆ, ಅಲ್ಲಿ ಕೇಳಿದರೆ ಮೈಯೆಲ್ಲ ಉರಿ. ಹಾಗಾಗಿ ಹೊರಗೆ 'ಅವರು' ಸಾಕು ಅಂತ ತೀರ್ಮಾನಿಸಿದ್ದೇನೆ. ಆಫೀಸಿನಲ್ಲಿ 'ಅವರು ಬಂದರು' ಅಂದರೆ ಎಲ್ಲರೂ ಗೌರವ ಅಂದುಕೊಳ್ಳುತ್ತಾರೆ, ಯಾರೂ ಕಾರಣ ಕೇಳೋದಿಲ್ಲ. ಇನ್ನೊಂದು ಗಮನಿಸಿದ್ದೀರಾ? 'ನಾನು ಬಂದೆ', 'ನೀನು ಬಂದೆ' ಅನ್ನುವಾಗ ಗಂಡು ಹೆಣ್ಣಿನ ಗುರುತೇ ಇಲ್ಲ. ಎದುರು ಕೂತು ಮಾತಾಡಿದರೆ ಕನ್ನಡ ಏನೂ ಕೇಳೋದಿಲ್ಲ. ನಾವಿಲ್ಲದಾಗ ನಮ್ಮ ಬಗ್ಗೆ ಮಾತಾಡುವವರಿಗೆ ಮಾತ್ರ ಗಂಡೋ ಹೆಣ್ಣೋ ಗೊತ್ತಾಗಬೇಕು. ಅದಕ್ಕೇ ನಾನು ಆದಷ್ಟು ಎದುರಲ್ಲೇ ಇರುತ್ತೇನೆ. ಮದುವೆ, ಉಪನಯನ, ಒಂದನ್ನೂ ತಪ್ಪಿಸೋದಿಲ್ಲ.

ಹೊಸನಗರ, ಯಕ್ಷಗಾನ ಕಲಾವಿದ

ಯಾರಾದರೂ ಬಂದು 'ನಮ್ಮಲ್ಲಿ ಸ್ತ್ರೀವೇಷ ಇದೆಯಲ್ಲ, ಮಲೆನಾಡಿಗೆ ಇದೆಲ್ಲ ಹೊಸದಲ್ಲ' ಅಂತ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ನಾನು 18 ವರ್ಷ ಸ್ತ್ರೀವೇಷ ಮಾಡಿದವನು. ಮೋಹಿನಿ, ದ್ರೌಪದಿ, ಚಿತ್ರಾಂಗದೆ. ರಂಗಸ್ಥಳದಲ್ಲಿ ಇದ್ದಷ್ಟು ಹೊತ್ತು ಜನ ಬಾಯಿ ಬಿಟ್ಟು ನೋಡುತ್ತಾರೆ. ಬೆಳಿಗ್ಗೆ ಚೌಕಿಯಲ್ಲಿ ಬಣ್ಣ ಒರೆಸಿ ಚಾ ಅಂಗಡಿಗೆ ಹೋದರೆ ಅದೇ ಜನ 'ಏನಮ್ಮಾ' ಅಂತ ಕಣ್ಣು ಮಿಟುಕಿಸುತ್ತಾರೆ. ರಂಗದ ಮೇಲಿನ ಚಪ್ಪಾಳೆ ಮನೆ ಬಾಗಿಲ ತನಕ ಬರೋದಿಲ್ಲ. ನಾನು ಗಂಡಸು, ಅದರಲ್ಲಿ ನನಗೆ ತಕರಾರಿಲ್ಲ. ನನಗದು ಕಸುಬು. ನಿಮಗೆ ಇದು ಬದುಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಆದರೆ ಕಸುಬು ಒಂದು ಕಲಿಸಿತು. ಮೊದಲ ವರ್ಷ ಗುರುಗಳು ನನಗೆ ಬರೀ ಕೂರೋದು, ಏಳೋದು, ತಿರುಗಿ ನೋಡೋದು ಮಾಡಿಸಿದರು. ಮೊಣಕೈ ದೇಹಕ್ಕೆ ಹತ್ತಿರ, ಹೆಜ್ಜೆ ಚಿಕ್ಕದು. ಆರು ತಿಂಗಳಿಗೆ ಮೈಗೆ ಹತ್ತಿತು. ಆಮೇಲೆ ಒಂದು ದಿನ ಪಂಚೆ ಎತ್ತಿ ಕಟ್ಟಿಕೊಂಡು ಸಂತೆಗೆ ಹೋಗುವಾಗ ನನ್ನ ನಡಿಗೆ ನಾನೇ ನೋಡಿಕೊಂಡೆ. ಕೈ ಬೀಸೋದು, ಎದೆ ಮುಂದೆ ಮಾಡೋದು. ಇದನ್ನು ಯಾರು ಹೇಳಿಕೊಟ್ಟರು? ಅಪ್ಪನನ್ನು ನೋಡಿ ಕಲಿತದ್ದು, ಅಲ್ವಾ? ಅದಕ್ಕೂ ಒಬ್ಬ ಗುರು ಇದ್ದ, ಸಂಬಳ ಕೊಟ್ಟಿರಲಿಲ್ಲ ಅಷ್ಟೇ.

ಶಿಕಾರಿಪುರ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ

ಮೇಲಿನವರು ಹೇಳಿದ್ದನ್ನೇ ಅಮೆರಿಕದ ತತ್ವಚಿಂತಕರಾದ ಜೂಡಿತ್ ಬಟ್ಲರ್ 1990ರಲ್ಲಿ ಬಂದ ಪುಸ್ತಕದಲ್ಲಿ ಬೇರೆ ದಾರಿಯಿಂದ ಬಂದು ಹೇಳಿದ್ದು. ಗಂಡುತನ, ಹೆಣ್ಣುತನ ಒಳಗೆ ಮೊದಲೇ ಕೂತಿರೋ ವಸ್ತುವಲ್ಲ, ದಿನಾ ಮಾಡಿ ಮಾಡಿ ಗಟ್ಟಿಯಾಗೋದು ಅಂತ. ತರಗತಿಯಲ್ಲಿ ನಾನು ಬೆಟ್ಟದ ಕಾಲುದಾರಿಯ ಉದಾಹರಣೆ ಕೊಡುತ್ತೇನೆ. ಅದನ್ನು ಯಾರೂ ಕಡಿದು ಮಾಡಿದ್ದಲ್ಲ. ಜನ ನಡೆದರು, ದಾರಿಯಾಯಿತು. ಎರಡು ಮಳೆಗಾಲ ಯಾರೂ ನಡೆಯದಿದ್ದರೆ ಲಂಟಾನ ಮುಚ್ಚಿಬಿಡುತ್ತೆ. ಆದರೆ ದಾರಿ ಬಿಟ್ಟು ನಡೆದರೆ ಮುಳ್ಳು ಗೀರುತ್ತೆ, ಅದೂ ನಿಜ. 'ಬೆಳಿಗ್ಗೆ ಎದ್ದು ಇವತ್ತು ಯಾವ ಲಿಂಗ ಹಾಕಿಕೊಳ್ಳಲಿ ಅಂತ ಬಟ್ಟೆ ಆರಿಸಿದ ಹಾಗೆ' ಅಂತ ಕೆಲವರು ಗೇಲಿ ಮಾಡುತ್ತಾರೆ. ತಾನು ಹಾಗೆ ಹೇಳಿಲ್ಲ ಅಂತ ಬಟ್ಲರ್ ಆಮೇಲೆ ಬಿಡಿಸಿ ಬರೆಯಬೇಕಾಯಿತು.

ಇಲ್ಲಿನವರಿಗೆ ಬಟ್ಲರ್‌ಗಿಂತ ಹತ್ತಿರದ ದಾರಿಯೂ ಇದೆ. ಮೊಲೆ ಮುಡಿ ಬಂದರೆ ಹೆಣ್ಣು ಅನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡು ಅನ್ನುತ್ತಾರೆ, ನಡುವೆ ಸುಳಿಯೋ ಆತ್ಮ ಎರಡೂ ಅಲ್ಲ ಅನ್ನೋ ಅರ್ಥದ ದಾಸಿಮಯ್ಯನ ವಚನ ಎಲ್ಲರಿಗೂ ಗೊತ್ತು. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ನಮ್ಮ ತಾಲೂಕಿನವೇ. ಹನ್ನೆರಡನೇ ಶತಮಾನದಲ್ಲೇ ಬಟ್ಟೆ, ನಾಚಿಕೆ, ಗಂಡ ಅನ್ನೋದನ್ನೆಲ್ಲ ಅಕ್ಕ ಪ್ರಶ್ನೆ ಮಾಡಿದಳು. ಮನೆಯವರ ಮುಂದೆ ಇದನ್ನು ಹೇಳಿದರೆ ಕಿವಿ ಕೊಡುತ್ತಾರೆ.

ಒಂದು ಎಚ್ಚರಿಕೆ. ನನ್ನ ವಿದ್ಯಾರ್ಥಿಯೊಬ್ಬರು ಮನೆಯಲ್ಲಿ ಈ ವಚನ ಹೇಳಿದಾಗ ಅವರ ದೊಡ್ಡಪ್ಪ 'ಸರಿ, ಆತ್ಮಕ್ಕೆ ಲಿಂಗ ಇಲ್ಲ, ಹಾಗಾದರೆ ನಿನಗ್ಯಾಕೆ ಈ ಚಿಂತೆ, ಸುಮ್ನೆ ಮದುವೆ ಆಗು' ಅಂದರಂತೆ. ಬಾಯಿ ತೆರೆಸೋ ವಚನವೇ ಬಾಯಿ ಮುಚ್ಚಿಸೋಕೂ ಬರುತ್ತೆ.

ಸೊರಬದ ಹತ್ತಿರ, ತಾಯಿ

ನನಗೆ ತತ್ವ ಗೊತ್ತಿಲ್ಲ. ನನ್ನ ತಪ್ಪು ಹೇಳುತ್ತೇನೆ, ನಿಮ್ಮ ಅಮ್ಮನಿಗೆ ಓದಿ ಹೇಳಿ.

ನಮ್ಮ ಮಗುವಿಗೆ ಈಗ 22. ಮಗು ಅಂತಲೇ ಬರೆಯುತ್ತೇನೆ. 'ಮಗು ಬಂತು, ಮಗು ಉಂಡಿತು' ಅಂದರೆ ಯಾವ ತಂಟೆಯೂ ಇಲ್ಲ. ಚಿಕ್ಕಂದಿನಲ್ಲಿ ಭೂಮಿ ಹುಣ್ಣಿಮೆ ಬಂತೆಂದರೆ ನನ್ನ ಪಕ್ಕ ಬಂದು ಕೂರುತ್ತಿತ್ತು. ನಾವು ದೀವರು. ಭೂಮಿತಾಯಿಗೆ ಎಡೆ ಒಯ್ಯೋ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಚಿತ್ತಾರ ಬರೆಯೋದು ಹೆಂಗಸರ ಕೆಲಸ. ನಮ್ಮ ಮಗುವಿನ ಗೆರೆ ನನ್ನದಕ್ಕಿಂತ ಸಣ್ಣ. ನೂಲೆಳೆದ ಹಾಗೆ. ಹನ್ನೊಂದು ವರ್ಷ ಆದಾಗ ನಾನೇ ಕೈಯಿಂದ ಕುಂಚ ಕಿತ್ತುಕೊಂಡೆ. 'ಗಂಡುಹುಡುಗ, ಅಪ್ಪನ ಜೊತೆ ಗದ್ದೆಗೆ ಹೋಗು.' ಆಮೇಲೆ ಅದು ನನ್ನ ಹತ್ತಿರ ಮಾತಾಡೋದೇ ಕಡಿಮೆ ಮಾಡಿತು.

ಹದಿನೇಳರಲ್ಲಿ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮಾತ್ರೆ ಕೊಟ್ಟು 'ಸರಿ ಮಾಡುತ್ತೇನೆ' ಅಂದರು. ದುಡ್ಡು ಹೋಯಿತು, ಮಗುವಿನ ನಿದ್ದೆ ಹೋಯಿತು. ಆಮೇಲೆ ಬೇರೊಬ್ಬ ಡಾಕ್ಟರು ಹೇಳಿದರು, ಇದು ಕಾಯಿಲೆಯೇ ಅಲ್ಲ, ಹೀಗೆ 'ಸರಿ ಮಾಡೋಕೆ' ಹೋಗೋದು ವೃತ್ತಿಗೆ ವಿರುದ್ಧ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ ಅಂತ. ನಾವು ಹೋಗಿದ್ದು ಅದಕ್ಕಿಂತ ಮುಂಚೆ. ಗೊತ್ತಿದ್ದರೆ ಹೋಗುತ್ತಿರಲಿಲ್ಲ.

ಹೋದ ವರ್ಷ ಹುಣ್ಣಿಮೆಗೆ ಎರಡು ದಿನ ಇರುವಾಗ ಬುಟ್ಟಿ, ಬಣ್ಣ, ಕುಂಚ ಜಗಲಿಯಲ್ಲಿಟ್ಟು ನಾನು ಒಳಗೆ ಹೋದೆ. ಏನೂ ಹೇಳಲಿಲ್ಲ. ಹೇಳೋಕೆ ಬಾಯಿಯೂ ಬರಲಿಲ್ಲ. ರಾತ್ರಿ ಬಂದು ನೋಡಿದರೆ ದೊಡ್ಡ ಬುಟ್ಟಿಯ ಅರ್ಧ ಆಗಿತ್ತು. ಹುಣ್ಣಿಮೆ ದಿನ ಬೆಳಗಿನ ಜಾವ ಅದೇ ಬುಟ್ಟಿ ಹೊತ್ತು ಅವರಪ್ಪ ಗದ್ದೆಗೆ ಹೋದರು. ಪಕ್ಕದ ಮನೆಯವರು 'ಯಾರು ಬರೆದದ್ದು' ಅಂದಾಗ 'ನಮ್ಮ ಮನೇದು' ಅಂದರಂತೆ.

ಶಿವಮೊಗ್ಗ ಪೇಟೆ, ಟ್ರಾನ್ಸ್ ಹೆಣ್ಣು, 41 ವರ್ಷ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾನು ಸ್ವಲ್ಪ ಒರಟು ಮಾತಾಡುತ್ತೇನೆ. ನನಗೆ ಕೂಸು ಅನ್ನೋ ಅಜ್ಜಿ ಸಿಗಲಿಲ್ಲ. ಹದಿನಾರಕ್ಕೆ ಮನೆ ಬಿಟ್ಟೆ. ತತ್ವ ಓದೋಕೆ ಪುರಸೊತ್ತೂ ಇರಲಿಲ್ಲ. ಕೇಳಿದವರಿಗೆ ತೋಟ ಇದೆ, ಕೆಲಸ ಇದೆ, ಗಂಡು ಅಂತ ಸುಮ್ನೆ ಇದ್ದುಬಿಡೋ ದಿನಗಳೂ ಇವೆ. ತಪ್ಪು ಅಂತಲ್ಲ. ನೆನಪಿರಲಿ ಅಂತ.

ನಮ್ಮ ಲಿಂಗ ಯಾವುದು ಅಂತ ಹೇಳಿಕೊಳ್ಳೋ ಹಕ್ಕು ನಮ್ಮದೇ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2014ರ ಏಪ್ರಿಲ್‌ನಲ್ಲಿ. ಅವತ್ತು ನಾವು ಎಂಟು ಜನ ಒಂದು ಕೋಣೆಯಲ್ಲಿ ಕೂತು ಸ್ವೀಟು ತಿಂದೆವು. 2018ರ ಸೆಪ್ಟೆಂಬರ್‌ನಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಅನ್ನೋ 377ರ ತೀರ್ಪು ಬಂದಾಗ ಮತ್ತೆ ತಿಂದೆವು. 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ನಮಗೆ 1% ಮೀಸಲಾತಿ ತಂದಿತು. 2023ರ ಜೂನ್‌ನಲ್ಲಿ ಶುರುವಾದ, ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡೋ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆ ನಮ್ಮನ್ನೂ ಸೇರಿಸಿದ್ದಾರೆ. ಇಷ್ಟೆಲ್ಲ ಇದ್ದರೂ ನಮ್ಮ ಕಡೆ ಒಳಗಿನ ಊರಿಗೆಲ್ಲ ಪ್ರೈವೇಟ್ ಬಸ್ಸೇ ಜಾಸ್ತಿ, ಅಲ್ಲಿ ಈ ಶಕ್ತಿ ನಡೆಯೋದಿಲ್ಲ! ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ನಾನು ಕಂಡಕ್ಟರ್ ಹತ್ತಿರ ನಿಲ್ಲುತ್ತೇನೆ. ನಮ್ಮ ದಾರಿಯ ಕಂಡಕ್ಟರಿಗೆ ಈಗ ಅಭ್ಯಾಸ ಆಗಿದೆ, ಚಿಲ್ಲರೆ ಎಣಿಸೋಕೆ ನನಗೇ ಕೊಡುತ್ತಾನೆ.

ನನ್ನ ಸಲಹೆ ಇಷ್ಟೇ. ಕೈಯಲ್ಲಿ ನಿಮ್ಮದೇ ದುಡ್ಡಿರಲಿ, ಬ್ಯಾಂಕ್ ಖಾತೆ ಬೇರೆ ಇರಲಿ. ಊರಲ್ಲಿ ಒಬ್ಬರಿಗಾದರೂ ಪೂರ್ತಿ ವಿಷಯ ಗೊತ್ತಿರಲಿ. ಯಾವ ದಿನ ಎಲ್ಲಿ ಏನು ಹಾಕಿಕೊಳ್ಳಬೇಕು ಅನ್ನೋದು ಧೈರ್ಯದ ಪರೀಕ್ಷೆ ಅಲ್ಲ. ಕತ್ತಲಾದ ಮೇಲೆ ಒಬ್ಬರೇ ಹೋಗುವಾಗ ಓಲೆ ತೆಗೆದು ಜೇಬಿಗೆ ಹಾಕಿಕೊಂಡರೆ ನೀವು ಸುಳ್ಳಾಗೋದಿಲ್ಲ. ಮನಸ್ಸು ತೀರಾ ಕೆಟ್ಟ ರಾತ್ರಿ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ತೀರ್ಥಹಳ್ಳಿ

ಒಂದೇ ಮಾತು. ಬಂದ ತಿಂಗಳಲ್ಲೇ ಮನೆಯವರ ಮಾತು ತಿದ್ದೋಕೆ ಹೊರಡಬೇಡಿ. ನಾನು ಊಟಕ್ಕೆ ಕೂತಾಗಲೆಲ್ಲ ಪಾಠ ಮಾಡಿದೆ. ಅಮ್ಮ ನಾನಿದ್ದರೆ ಬಾಯೇ ಬಿಡದ ಹಾಗಾದಳು. ಈಗ ನಾನೇ ಕಡುಬಿಗೆ ಹಿಟ್ಟು ತೊಳಸಿ ಕೊಡುತ್ತೇನೆ, ಮಾತು ತಾನಾಗೇ ಬರುತ್ತೆ.

ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಶಿವಮೊಗ್ಗದ ಅಕ್ಕ ಹೇಳಿದ್ದು ನಾಟಿತು. ಖಾತೆ ನೋಡಿದೆ, ಅಪ್ಪನ ಜೊತೆ ಜಂಟಿ ಇತ್ತು, ಬೇರೆ ಮಾಡಿಸುತ್ತಿದ್ದೇನೆ.

ಅಜ್ಜಿಗೆ ಇನ್ನೂ ಹೇಳಿಲ್ಲ. ಆದರೆ ಇದೊಂದು ಆಯಿತು. ನಮ್ಮಲ್ಲಿ ಈಗ ಕೊಯ್ಲು. ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯೋಕೆ ಹತ್ತು ಹನ್ನೆರಡು ಹೆಂಗಸರು ಕೂರುತ್ತಾರೆ. ಗಂಡಸರ ಕೆಲಸ ಅಡಿಕೆ ಗೊನೆ ಹೊರೋದು, ಹಂಡೆಯಲ್ಲಿ ಬೇಯಿಸೋದು. ನಿನ್ನೆ ನಾನು ಹಂಡೆ ಹತ್ತಿರ ಹೋಗದೆ ಅಜ್ಜಿ ಪಕ್ಕ ಮಣೆ ಹಾಕಿಕೊಂಡು ಕೂತೆ. ಒಬ್ಬರು 'ಏನು, ಇವತ್ತು ನಮ್ಮ ಕಡೆ' ಅಂದರು. 'ಇವತ್ತು ನಿಮ್ಮ ಕಡೆ' ಅಂದೆ. ನಕ್ಕರು. ಕೆಟ್ಟ ನಗು ಅಲ್ಲ. ಹತ್ತು ನಿಮಿಷದಲ್ಲಿ ಹೆಬ್ಬೆರಳು ಕೊಯ್ದುಕೊಂಡೆ. ಅಜ್ಜಿ ತನ್ನ ಹಳೇ ಸೀರೆಯ ಚೂರು ಹರಿದು ಬೆರಳಿಗೆ ಸುತ್ತಿದಳು. ಎಲ್ಲರ ಬೆರಳಿಗೂ ಅಂಥದ್ದೇ ಬಟ್ಟೆ ಇತ್ತು, ನಾನು ಅಲ್ಲಿವರೆಗೆ ಗಮನಿಸಿರಲಿಲ್ಲ. ಹನ್ನೊಂದು ಗಂಟೆಗೆ ಏಳುವಾಗ ನನ್ನ ಡಬ್ಬ ಅರ್ಧವೂ ತುಂಬಿರಲಿಲ್ಲ. ಅಜ್ಜಿ ಬಗ್ಗಿ ನೋಡಿ, 'ನಾಳೆ ಬೇಗ ಬಾ, ಕತ್ತಿ ಹಿಡಿಯೋದು ಹೇಳಿಕೊಡ್ತೀನಿ' ಅಂದಳು.