‘ಐದೇ ನಿಮಿಷದಲ್ಲಿ ಗೊತ್ತಾಗುತ್ತೆ’ ಅನ್ನೋ ಬಾಸ್‌ಗೆ ಏನು ಹೇಳೋದು?

ಪ್ರಶ್ನೆ:
ನಮ್ಮಲ್ಲಿ ಇಂಟರ್‌ವ್ಯೂ ಅಂದ್ರೆ ಹರಟೆ. ಒಬ್ಬರಿಗೆ ಹವ್ಯಾಸ ಕೇಳ್ತಾರೆ, ಇನ್ನೊಬ್ಬರ ಕೈಗೆ ಲೆಕ್ಕ ಕೊಡ್ತಾರೆ. ಕೊನೆಗೆ ಬಾಸ್ "ಐದೇ ನಿಮಿಷದಲ್ಲಿ ಗೊತ್ತಾಗುತ್ತೆ" ಅಂತಾರೆ, ನಾವೆಲ್ಲ ತಲೆಯಾಡಿಸ್ತೀವಿ. ಹೋದ ವರ್ಷ ಹೀಗೆ ತಗೊಂಡ ಮೂವರಲ್ಲಿ ಇಬ್ಬರು ಉಳಿಯಲಿಲ್ಲ. ಪುರಾವೆ ಇರೋ ವಿಧಾನಕ್ಕೆ ಇವರನ್ನ ಒಪ್ಪಿಸೋದು ಹೇಗೆ?

ಉತ್ತರ 1:
ಅಂಕಿಅಂಶ ಮುಂದಿಡಿ. ಮನಶ್ಶಾಸ್ತ್ರಜ್ಞ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಹಳೇ ಅಧ್ಯಯನಗಳನ್ನ ಮತ್ತೆ ಲೆಕ್ಕ ಹಾಕಿದಾಗ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಹಾಕೋ ಸಂದರ್ಶನಕ್ಕೂ ಆಮೇಲೆ ಅವರು ಎಷ್ಟು ಚೆನ್ನಾಗಿ ಕೆಲಸ ಮಾಡಿದರು ಅನ್ನೋದಕ್ಕೂ ಸಹಸಂಬಂಧ 0.42 ಬಂತು (0 ಅಂದ್ರೆ ಸಂಬಂಧವೇ ಇಲ್ಲ, 1 ಅಂದ್ರೆ ಪೂರ್ತಿ ಹೊಂದಾಣಿಕೆ). ಹರಟೆ ಸಂದರ್ಶನಕ್ಕೆ 0.19.

ಉತ್ತರ 2:
ಅಂಕಿಅಂಶ ತೋರಿಸಿದ್ರೆ ಬಾಸ್ ಮುನಿಸ್ಕೊಳ್ತಾರೆ. ನಾನು ಮಾಡಿ ನೋಡಿದೀನಿ.

ಹನ್ನೊಂದು ವರ್ಷ ಆಯ್ಕೆ ಸಮಿತಿಯಲ್ಲಿ ಕೂತವಳು ನಾನು. ಒಂದಿನ ಹಳೇ ಫೈಲಲ್ಲಿ ನನ್ನದೇ ಟಿಪ್ಪಣಿ ಸಿಕ್ತು. ಒಬ್ಬನ ಹೆಸರಿನ ಮುಂದೆ "ಚುರುಕು", ಕೆಳಗೆ ಎರಡು ಗೆರೆ. ಇನ್ನೊಬ್ಬಳ ಮುಂದೆ "ಮಾತು ಕಮ್ಮಿ". ಇಬ್ಬರನ್ನೂ ತಗೊಂಡಿದ್ವಿ. ಚುರುಕಿನವನು ಒಂದು ವರದಿಯನ್ನೂ ಹೊತ್ತಿಗೆ ಸರಿಯಾಗಿ ಕೊಡಲಿಲ್ಲ. ಮಾತು ಕಮ್ಮಿಯವಳು ಈಗ ಲೆಕ್ಕಪತ್ರ ವಿಭಾಗವನ್ನೇ ನಡೆಸ್ತಿದಾಳೆ. ಅವತ್ತು ಒಂದೇ ಹುದ್ದೆ ಇದ್ದಿದ್ರೆ ಅವಳನ್ನ ವಾಪಸ್ ಕಳಿಸಿರ್ತಿದ್ದೆ, ತಪ್ಪು ಮಾಡಿದೀನಿ ಅಂತ ನನಗೆ ಗೊತ್ತೂ ಆಗ್ತಿರಲಿಲ್ಲ! ಬಾಸ್‌ದೂ ಇದೇ ಕಥೆ. ಬೇಡ ಅಂದವರ ಕೆಲಸವನ್ನ ಅವರು ನೋಡೇ ಇಲ್ಲ.

ಹಾಗಂತ ಅವರ ಕಣ್ಣಂದಾಜನ್ನ ಹೀಗಳೆಯಬೇಡಿ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಸ್ರೇಲ್ ಸೇನೆಯಲ್ಲಿ ಹೊಸಬರ ಆರು ಗುಣಗಳಿಗೆ ಬೇರೆಬೇರೆ ಅಂಕ ಹಾಕೋ ಪದ್ಧತಿ ತಂದಾಗ, ಸಂದರ್ಶಕರು "ನಮ್ಮನ್ನ ಯಂತ್ರ ಮಾಡ್ತಿದೀರಿ" ಅಂತ ಗೊಣಗಿದರಂತೆ. ಸರಿ, ಆರೂ ಆದ ಮೇಲೆ ಕಣ್ಮುಚ್ಚಿ ನಿಮ್ಮ ಅಂದಾಜಿಗೂ ಒಂದು ಅಂಕ ಹಾಕಿ ಅಂದ ಆತ. ಆ ಕೊನೇ ಅಂಕವೂ ಉಪಯೋಗಕ್ಕೆ ಬಂತು. ಆದರೆ ಅದರ ಸರದಿ ಕೊನೆಗೆ, ಗಮನಿಸಿ.

ನೀವೂ ಹಾಗೇ ಮಾಡಿ. ಐದು ಪ್ರಶ್ನೆ, ಎಲ್ಲರಿಗೂ ಅವೇ. ಯಾರೂ ಬಾಯಿ ಬಿಡೋ ಮುಂಚೆ ಅಂಕ ಬರೆದಿಡಬೇಕು. ಬಾಸ್ ಕೊನೆಗೆ ಮಾತಾಡಲಿ. ಹಾಳೆಗಳನ್ನ ಲಕೋಟೆಗೆ ಹಾಕಿಟ್ಟು, ವರ್ಷ ಕಳೆದ ಮೇಲೆ ಅವರಿಂದಲೇ ತೆಗೆಸಿ, ಯಾರ ಅಂಕ ಕೆಲಸಕ್ಕೆ ತಾಳೆಯಾಯ್ತು ನೋಡಿ.

ಉತ್ತರ 3:
ಜೊತೆಗೆ ನಿಜವಾದ ಕೆಲಸದ ಒಂದು ತುಣುಕನ್ನೂ ಮಾಡಿಸಿ ನೋಡಿ. ಅರ್ಧ ಗಂಟೆ ಸಾಕು. ವಾರಗಟ್ಟಲೆ ಬಿಟ್ಟಿ ಚಾಕರಿ ಮಾಡಿಸ್ಕೊಳ್ಳೋದಲ್ಲ!

ಪ್ರಶ್ನೆ ಕೇಳಿದವರು:
ಲಕೋಟೆ ನಾಳೆನೇ ತರ್ತೀನಿ. ಬಾಸ್ ಕೊನೆಗೆ ಮಾತಾಡೋದು ಅಂದ್ರಲ್ಲ, ಅದನ್ನ ಅವರಿಗೆ ಯಾರು ಹೇಳ್ತಾರೆ?