ಗಿಟಾರಿನ ಬ್ರಿಡ್ಜ್ ಪಿನ್: ಮೂಳೆಯೋ, ಎಬೊನಿಯೋ, ಹಿತ್ತಾಳೆಯೋ?

ಪ್ರಶ್ನೆ:
ನನ್ನ ಅಕೂಸ್ಟಿಕ್ ಗಿಟಾರಿನ ಜೊತೆಗೇ ಬಂದ ಪ್ಲಾಸ್ಟಿಕ್ ಬ್ರಿಡ್ಜ್ ಪಿನ್ನುಗಳಲ್ಲಿ (ಮೇಲ್ಹಲಗೆಯ ಮೇಲಿನ ಬ್ರಿಡ್ಜ್ ಎಂಬ ಪಟ್ಟಿಯ ರಂಧ್ರಗಳಲ್ಲಿ ತಂತಿಗಳ ತುದಿಯನ್ನು ಹಿಡಿದಿಡುವ ಪುಟ್ಟ ಗೂಟಗಳು) ಎರಡು ಬಾಗಿವೆ; ಮೂರನೆಯ ತಂತಿಯ ಪಿನ್ ಅಂತೂ ಶ್ರುತಿ ಏರಿಸುತ್ತಿದ್ದಂತೆ ಮೇಲಕ್ಕೇಳುತ್ತದೆ. ಹೊಸ ಸೆಟ್ ಕೊಳ್ಳಬೇಕೆಂದಿದ್ದೇನೆ. ಹಿತ್ತಾಳೆಯ ಪಿನ್ನಿನಿಂದ ನಾದ ಹೆಚ್ಚು ಹೊತ್ತು ನಿಲ್ಲುತ್ತದೆಂದು ಕೇಳಿದ್ದೇನೆ, ಇದು ನಿಜವೇ? ಸ್ನೇಹಿತರೊಬ್ಬರ ಎಬೊನಿ (ಗಟ್ಟಿಯಾದ ಕಪ್ಪು ಮರ) ಪಿನ್ ಹಾಕಿ ನೋಡಿದಾಗ ಅದು ರಂಧ್ರದಲ್ಲಿ ಅರ್ಧಕ್ಕೇ ನಿಂತಿತು.

ಉತ್ತರ 1:
ಅದು ಅರ್ಧಕ್ಕೇ ನಿಂತಿತೆಂದ ಮೇಲೆ ವಸ್ತುವಿನ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟು ಅಳತೆಯಿಂದ ಆರಂಭಿಸುವುದು ಒಳ್ಳೆಯದು. ಪಿನ್ ತಲೆಯಿಂದ ತುದಿಯ ಕಡೆಗೆ ಸಣ್ಣದಾಗುತ್ತ ಹೋಗುತ್ತದೆ, ಮತ್ತು ಈ ಓರೆ ಸಾಮಾನ್ಯವಾಗಿ 3 ಡಿಗ್ರಿ ಇಲ್ಲವೇ 5 ಡಿಗ್ರಿ ಇರುತ್ತದೆ. 20 ಮಿ.ಮೀ. ಉದ್ದದಲ್ಲಿ ಮೊದಲನೆಯದು ಸುಮಾರು 1 ಮಿ.ಮೀ. ಸಣ್ಣದಾದರೆ ಎರಡನೆಯದು ಸುಮಾರು 1.75 ಮಿ.ಮೀ. ಸಣ್ಣದಾಗುತ್ತದೆ. 5 ಡಿಗ್ರಿಯ ಪಿನ್ 3 ಡಿಗ್ರಿಯ ರಂಧ್ರದಲ್ಲಿ ಮೇಲಂಚಿಗೆ ಮಾತ್ರ ಕಚ್ಚಿಕೊಂಡು ಕೆಳಗೆ ಅಲುಗಾಡುತ್ತದೆ. ಅದಲುಬದಲಾದರೆ ತುದಿ ಮೊದಲೇ ಸಿಕ್ಕಿಕೊಂಡು ತಲೆ ಎತ್ತರದಲ್ಲೇ ಉಳಿಯುತ್ತದೆ. ಬಾಗದಿರುವ ಹಳೆಯ ಪಿನ್ನೊಂದನ್ನು ವರ್ನಿಯರ್ ಕ್ಯಾಲಿಪರ್‌ನಿಂದ ತಲೆಯ ಕೆಳಗೊಮ್ಮೆ, ತುದಿಯ ಬಳಿ ಒಮ್ಮೆ ಅಳೆದು, ಆ ಎರಡು ಜಾಗಗಳ ನಡುವಿನ ದೂರವನ್ನೂ ಬರೆದಿಟ್ಟುಕೊಳ್ಳಿ. ಹೊಸ ಪಿನ್ ಕೂದಲೆಳೆಯಷ್ಟು ದಪ್ಪವಿದ್ದರೆ ಅದನ್ನೇ ನಯವಾದ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಸರಿಪಡಿಸಿ. ಅಭ್ಯಾಸವಿಲ್ಲದೆ ರೀಮರ್ ಹಿಡಿದು ರಂಧ್ರವನ್ನು ಹಿಗ್ಗಿಸಲು ಹೋಗಬೇಡಿ.

ಉತ್ತರ 2:
ಮೇಲಿನ ಮಾತಿಗೆ ನನ್ನ ಸಹಮತವಿದೆ. ಆದರೆ ಮೇಲಕ್ಕೇಳುವ ಮೂರನೆಯ ಪಿನ್ನಿನ ದೋಷ ಬಹುಶಃ ಪಿನ್ನಿನದಲ್ಲ. ತಂತಿಯ ಎಳೆತವನ್ನು ಪಿನ್ ಹೊರುವುದಿಲ್ಲ; ತಂತಿಯ ಕೊನೆಯ ಗುಂಡು ಒಳಗಿನ ಬ್ರಿಡ್ಜ್ ಪ್ಲೇಟಿನ (ಬ್ರಿಡ್ಜಿನ ನೇರ ಕೆಳಗೆ ಮೇಲ್ಹಲಗೆಯ ಒಳಬದಿಗೆ ಅಂಟಿಸಿದ ಮರದ ತುಂಡು) ಅಡಿಗೆ ಒತ್ತಿ ಕೂರಬೇಕು, ಅದು ಜಾಗದಿಂದ ಸರಿಯದಂತೆ ತಡೆಯುವುದಷ್ಟೇ ಪಿನ್ನಿನ ಕೆಲಸ. ಗುಂಡು ಪಿನ್ನಿನ ತುದಿಯ ಅಡಿಗೆ ಸಿಕ್ಕಿದರೆ ಮಾತ್ರ ತಂತಿ ಬಿಗಿಯಾದಂತೆಲ್ಲ ಪಿನ್ನನ್ನು ಮೇಲಕ್ಕೆ ದೂಡುತ್ತದೆ. ಗುಂಡಿನ ಬಳಿ ತಂತಿಯನ್ನು ಸ್ವಲ್ಪ ಬಾಗಿಸಿ, ಪಿನ್ನಿನ ತೋಡು ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿಗಳು ಒರಗುವ ತೆಳು ಪಟ್ಟಿ) ಕಡೆಗಿರುವಂತೆ ಹಾಕಿ, ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ತಂತಿಯನ್ನು ಮೇಲಕ್ಕೆ ಎಳೆಯಿರಿ. ಗುಂಡು ತಾನಾಗಿ ಜಾಗಕ್ಕೆ ಸೇರುತ್ತದೆ. ಆಮೇಲೆ ಒಳಗೊಂದು ಪುಟ್ಟ ಕನ್ನಡಿ ಹಿಡಿದು ಖಚಿತಪಡಿಸಿಕೊಳ್ಳಿ. ಪ್ಲೇಟಿನ ರಂಧ್ರಗಳ ಅಂಚು ಸವೆದಿದ್ದರೆ ಎಷ್ಟು ದುಬಾರಿ ಪಿನ್ ತಂದರೂ ಪ್ರಯೋಜನವಿಲ್ಲ.

ಉತ್ತರ 3:
ಹಿತ್ತಾಳೆಯ ಬಗ್ಗೆ ಯಾರೂ ಹೇಳಲಿಲ್ಲ. ಹಿತ್ತಾಳೆ ಅದೇ ಗಾತ್ರದ ಪ್ಲಾಸ್ಟಿಕ್ಕಿಗಿಂತ ಸುಮಾರು ಎಂಟು ಪಟ್ಟು ಭಾರ, ಮೂಳೆ ಹೆಚ್ಚೆಂದರೆ ಎರಡು ಪಟ್ಟು. ಎಬೊನಿ ಮತ್ತು ಪ್ಲಾಸ್ಟಿಕ್ಕಿನ ತೂಕದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಬ್ರಿಡ್ಜಿನ ಮೇಲೆ ತೂಕ ಹೆಚ್ಚಿದಾಗ ಮೇಲ್ಹಲಗೆಯ ಕಂಪನ ಬದಲಾಗುವುದು ಸಹಜ. ನನ್ನ ಗಿಟಾರಿನಲ್ಲಿ ಹಿತ್ತಾಳೆಯಿಂದ ನಾದ ತುಸು ಹೊತ್ತು ಹೆಚ್ಚು ನಿಂತಂತೆ ಕಂಡಿತು, ಆದರೆ ಮೀಟಿದ ಕೂಡಲೇ ಬರುತ್ತಿದ್ದ ಚುರುಕು ಮಂಕಾಯಿತು. ಒಂದು ವಾರದಲ್ಲಿ ತೆಗೆದುಹಾಕಿದೆ. (ಹೊಸ ಪಿನ್ನಿನ ಜೊತೆಗೆ ಹೊಸ ತಂತಿಯನ್ನೂ ಹಾಕಿ, ನಾದದ ಹೊಳಪಿಗೆ ಪಿನ್ನನ್ನು ಹೊಗಳುವವರೇ ಹೆಚ್ಚು.)

ಪ್ರಶ್ನೆ ಕೇಳಿದವರು:
ಕನ್ನಡಿ ಹಿಡಿದು ನೋಡಿದೆ. ಮೂರನೆಯ ತಂತಿಯ ಗುಂಡು ಪಿನ್ನಿನ ತುದಿಯ ಅಡಿಯಲ್ಲೇ ಇತ್ತು. ತಂತಿಯನ್ನು ಬಾಗಿಸಿ ಮತ್ತೆ ಕೂರಿಸಿದ ಮೇಲೆ ಪಿನ್ ಏಳುತ್ತಿಲ್ಲ. ನನ್ನ ಹಳೆಯ ಪಿನ್ ಅಳತೆಯ ಪ್ರಕಾರ 5 ಡಿಗ್ರಿಯದು, ಸ್ನೇಹಿತರದು 3 ಡಿಗ್ರಿಯದು. ಬಾಗಿದ ಎರಡಕ್ಕಾಗಿ ಹೇಗೂ ಸೆಟ್ ಕೊಳ್ಳಲೇಬೇಕಾಗಿದೆ, 5 ಡಿಗ್ರಿಯ ಎಬೊನಿಯನ್ನೇ ತರಿಸುತ್ತೇನೆ.